ನಾಲ್ಕನೇ ಜಾಗಕ್ಕೆ ಇಬ್ಬರು

ಮೆಡಿಕಲ್ಸ್‌ನವನಿಗೆ ಚದುರಂಗದ ಕ್ಯಾಸಲಿಂಗ್ ಹೇಳಿಕೊಟ್ಟವನು ನಾನು. ರಾಜನನ್ನು ಎರಡು ಮನೆ ಸರಿಸಿ ಆನೆಯನ್ನು ಅವನ ಮಗ್ಗುಲಿಗೆ ದಾಟಿಸುವ ಆ ನಡೆ ಅವನ ತಲೆಗೆ ಬೇಗ ಹತ್ತಲಿಲ್ಲ. "ಇದೆಂಥ ನ್ಯಾಯ ಮೇಷ್ಟ್ರೇ, ಒಂದೇ ಸರ್ತಿಗೆ ಎರಡು ಕಾಯಿ ನಡಸ್ತೀರಲ್ಲ" ಎಂದು ತಗಾದೆ ತೆಗೆದಿದ್ದ. ಅದಾಗಿ ಮೂರು ವರ್ಷ ತುಂಬುವ ಮೊದಲೇ ಅದೇ ಮನುಷ್ಯ ಅದೇ ಬೋರ್ಡಿನಲ್ಲಿ ನನ್ನನ್ನು ಸೋಲಿಸಿ, ಗಡಿಯಾರ ನಿಲ್ಲಿಸಿ, "ಚಾ ಕುಡಿಯಾನಾ?" ಎಂದು ಕೇಳಿದ. ಸೋಲಿಗಿಂತ ಆ ಚಹಾದ ಮಾತು ನನ್ನನ್ನು ಹೆಚ್ಚು ಚುಚ್ಚಿತು. ಗೆದ್ದದ್ದು ಅವನಿಗೆ ಏನೂ ಅನ್ನಿಸಿದಂತಿರಲಿಲ್ಲ.

ಅವನ ಔಷಧಿ ಅಂಗಡಿ ಹಾನುಬಾಳಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗಿದೆ. ನಾನು ಸಕಲೇಶಪುರದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ನಾವಿಬ್ಬರೂ ಸೇರುತ್ತಿದ್ದುದು ದೋಣಿಗಲ್‌ನಲ್ಲಿ, ರೈಲು ಹಳಿಯ ಮೇಲಿನ ದಿಬ್ಬದಲ್ಲಿರುವ ಒಂದು ಎಸ್ಟೇಟಿನ ಹಳೆಯ ಸ್ಟೋರ್‌ನಲ್ಲಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಅಲ್ಲಿ ಮೂಟೆಗಳಿರುತ್ತವೆ. ಮೂಟೆ ಖಾಲಿಯಾದ ಮೇಲೆ ಭಾನುವಾರದ ಮಧ್ಯಾಹ್ನಗಳು ನಮ್ಮ ಸಣ್ಣ ಚದುರಂಗ ಕ್ಲಬ್ಬಿನವು. ಬೀಗದ ಕೈ ಆ ಎಸ್ಟೇಟಿನ ರೈಟರ್ ಹತ್ತಿರ ಇರುತ್ತದೆ. ಆಳುಗಳ ಹಾಜರಿ ನೋಡುವುದು ಅವರ ಕೆಲಸ. ಚದುರಂಗದಲ್ಲಿ ಸಾಧಾರಣ, ಮಾತಿನಲ್ಲಿ ಮಾತ್ರ ಅವರನ್ನು ಸೋಲಿಸಿದವರಿಲ್ಲ. ಕತ್ತಲಾಗುವ ಮೊದಲು ನಾವು ಜಾಗ ಖಾಲಿ ಮಾಡುತ್ತೇವೆ. ಹಾನುಬಾಳಿನ ದಾರಿಯಲ್ಲಿ ಕಾಡಾನೆ ಇದೆ ಎಂದು ಯಾರದಾದರೂ ಫೋನಿಗೆ ಸುದ್ದಿ ಬರುವುದು ತಪ್ಪುವುದಿಲ್ಲ.

ಆ ಸ್ಟೋರ್‌ನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಘಾಟಿಯಿಂದ ಭಾರ ಹೊತ್ತು ಗೂಡ್ಸ್ ರೈಲು ಹತ್ತಿ ಬರುವಾಗ ದಿಬ್ಬವೆಲ್ಲ ನಡುಗುತ್ತದೆ. ನಮ್ಮ ಕಾಯಿಗಳು ಒಳಗೆ ಟೊಳ್ಳಾದ ಪ್ಲಾಸ್ಟಿಕ್‌ನವು, ನಿಂತಲ್ಲಿ ನಿಲ್ಲುವುದಿಲ್ಲ. ಕುದುರೆಯೊಂದು ಪಕ್ಕದ ಮನೆಗೆ ಸರಿದು, ಅದು ಎಲ್ಲಿತ್ತು ಎಂದು ಜಗಳವಾದದ್ದುಂಟು. ಹಾಗಾಗಿ ಮೊದಲು ಸದ್ದು ಕೇಳಿದವರು "ಗೂಡ್ಸ್" ಎನ್ನಬೇಕು. ಕೂಡಲೇ ಎಲ್ಲರೂ ಗಡಿಯಾರ ನಿಲ್ಲಿಸಿ, ಎಡ ಮುಂಗೈಯನ್ನು ತಮ್ಮ ಹಿಂದಿನ ಸಾಲಿಗೆ ಅಡ್ಡವಿಟ್ಟು, ಬಲಗೈಯನ್ನು ನಡುವಿನ ಕಾಯಿಗಳ ತಲೆಯ ಮೇಲೆ ಹರಡಿ ಹಿಡಿದುಕೊಳ್ಳಬೇಕು. ರೈಲು ದಾಟಿದ ಮೇಲೆ ಆಟ ಮುಂದುವರಿಯುತ್ತದೆ. ಹೊಸಬರು ಕಾಯಿ ನಡೆಸುವುದಕ್ಕಿಂತ ಮೊದಲು ಇದನ್ನು ಕಲಿಯುತ್ತಾರೆ.

ನನಗಾಗುತ್ತಿದ್ದುದು ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಮೊದಮೊದಲು ಅದಕ್ಕೆ ಅಧ್ಯಯನ ಎಂದು ಹೆಸರಿಟ್ಟುಕೊಂಡಿದ್ದೆ. ಮೆಡಿಕಲ್ಸ್‌ನವನು ಹೇಗೆ ಆಡುತ್ತಾನೆ, ಯಾವಾಗ ಅಭ್ಯಾಸ ಮಾಡುತ್ತಾನೆ, ಪಂದ್ಯದ ಹಿಂದಿನ ದಿನ ಏನು ತಿನ್ನುತ್ತಾನೆ, ಎಲ್ಲವನ್ನೂ ಗಮನಿಸುತ್ತಿದ್ದೆ. ಅವನು ಅಂಗಡಿಯಲ್ಲಿ ಗಿರಾಕಿಗಳ ನಡುವೆ ಫೋನಿನಲ್ಲಿ ಆಡುತ್ತಿದ್ದ. ಯಾರಿಗೋ ಕೆಮ್ಮಿನ ಸಿರಪ್ ಕೊಟ್ಟು ಬರುವಷ್ಟರಲ್ಲಿ ಒಂದು ಒಂಟೆ ಕಳೆದುಕೊಂಡಿರುತ್ತಿದ್ದ, ಆಮೇಲೆ ಹೇಗೋ ಗೆಲ್ಲುತ್ತಿದ್ದ. ಪುಸ್ತಕ ಮುಟ್ಟುತ್ತಿರಲಿಲ್ಲ. ಪಂದ್ಯದ ಬೆಳಿಗ್ಗೆ ಹೊಟ್ಟೆ ತುಂಬ ಕಡುಬು ತಿಂದು ಬರುತ್ತಿದ್ದ. ನನಗೆ ಆ ದಿನ ಅರ್ಧ ರೊಟ್ಟಿಯೂ ಇಳಿಯುತ್ತಿರಲಿಲ್ಲ.

ಎಲ್ಲಕ್ಕಿಂತ ಅಸೂಯೆ ಹುಟ್ಟಿಸುತ್ತಿದ್ದುದು ಅವನ ಮರೆವು.

"ಹೋದ ವಾರ ಆ ಒಂಟೆ ಬಲಿ ಕೊಟ್ಟೆಯಲ್ಲ, ಅದು ಯೋಚನೆ ಮಾಡಿ ಕೊಟ್ಟಿದ್ದಾ?" ಎಂದು ಒಮ್ಮೆ ಕೇಳಿದೆ.

"ಯಾವ ಒಂಟೆ ಮೇಷ್ಟ್ರೇ? ಹೋದ ವಾರ ಬಿಪಿ ಮಾತ್ರೆ ಸ್ಟಾಕ್ ಬಂತು, ಅದೊಂದೇ ಗ್ಯಾನ ಐತೆ ನಂಗೆ."

ನನಗೆ ಎಲ್ಲ ಆಟಗಳೂ ನೆನಪಿದ್ದವು, ಅಥವಾ ಹಾಗೆಂದು ನಾನು ನಂಬಿದ್ದೆ. ಹಳೆಯ ಪಂದ್ಯವೊಂದರಲ್ಲಿ ರಾಣಿಯನ್ನೇ ಬಲಿ ಕೊಟ್ಟು ಗೆದ್ದ ಕಥೆಯನ್ನು ಕ್ಲಬ್ಬಿನಲ್ಲಿ ಎಷ್ಟೋ ಸಲ ಹೇಳಿದ್ದೆ. ಒಂದು ದಿನ ಮೇಜಿನ ಖಾನೆ ಸ್ವಚ್ಛ ಮಾಡುವಾಗ ಆ ಆಟದ ನಡೆಗಳನ್ನು ಬರೆದಿಟ್ಟಿದ್ದ ಹಾಳೆ ಸಿಕ್ಕಿತು. ಬೋರ್ಡಿನ ಮೇಲೆ ಆಡಿ ನೋಡಿದೆ. ನಾನು ಕೊಟ್ಟದ್ದು ರಾಣಿಯಲ್ಲ, ಆನೆ. ಅದನ್ನೂ ಎದುರಾಳಿ ತಿನ್ನಬೇಕಾಗಿರಲಿಲ್ಲ, ಸುಮ್ಮನೆ ಬಿಟ್ಟಿದ್ದರೆ ನಾನೇ ಸೋಲುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ನನಗೆ ಚೆನ್ನಾಗಿ ಹತ್ತಿದ ವಿದ್ಯೆ ಎಂದರೆ ಅನುಮಾನ. ಎಲ್ಲರ ಅಂಕಿ ಅಂಶಗಳನ್ನೂ ಅನುಮಾನಿಸುತ್ತಿದ್ದವನು ಆ ದಿನದಿಂದ ನನ್ನ ತಲೆಯನ್ನೂ ಆ ಪಟ್ಟಿಗೆ ಸೇರಿಸಿದೆ. ಇಲ್ಲಿ ಬರೆಯುತ್ತಿರುವುದನ್ನೂ ಆ ಎಚ್ಚರಿಕೆಯಿಂದಲೇ ಓದಬೇಕು.

ಕುಯ್ಲು ಮುಗಿದು ಸ್ಟೋರ್ ಖಾಲಿಯಾದ ಹೊತ್ತಿಗೆ ಸುದ್ದಿ ಬಂತು. ಜಿಲ್ಲೆಯ ಹವ್ಯಾಸಿ ಆಟಗಾರರ ಆಯ್ಕೆ ಪಂದ್ಯಾವಳಿ ಆಲೂರಿನಲ್ಲಿ. ಮೊದಲ ನಾಲ್ವರು ರಾಜ್ಯ ಮಟ್ಟಕ್ಕೆ ಹೋಗುತ್ತಾರೆ. ಜಿಲ್ಲಾ ಕೇಂದ್ರದ ಮೂವರು ಪಳಗಿದ ಆಟಗಾರರು ಮೊದಲ ಮೂರು ಜಾಗ ಬಿಟ್ಟುಕೊಡುವವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನಾಲ್ಕನೆಯದು ಯಾರಿಗೆ ಬೇಕಾದರೂ ಸಿಗಬಹುದಿತ್ತು. ನಾನು ಆ ಜಾಗಕ್ಕೆ ಬಹಳ ವರ್ಷಗಳಿಂದ ಆಡುತ್ತಿದ್ದೆ. ಪ್ರತಿ ಸಲವೂ ಐದೋ ಆರೋ ಆಗಿ ಬರುತ್ತಿದ್ದೆ. ವಯಸ್ಸು ಐವತ್ತು ದಾಟಿತ್ತು. ಲೆಕ್ಕ ಹಾಕುವ ವೇಗ ವರ್ಷ ವರ್ಷ ಇಳಿಯುತ್ತಿರುವುದು ನನಗೇ ಗೊತ್ತಾಗುತ್ತಿತ್ತು. ಈ ಸಲ ಆಗದಿದ್ದರೆ ಮುಂದೆ ಆಗುವುದಿಲ್ಲ.

ಅದಕ್ಕೆ ಮುಂಚೆ ಹಾಸನದಲ್ಲಿ ಒಂದು ಸಣ್ಣ ಪಂದ್ಯಾವಳಿ ಇತ್ತು. ನಾನು ಆರಂಭದ ನಡೆಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎದುರಾಳಿ ಹೀಗೆ ಮಾಡಿದರೆ ಹೀಗೆ, ಹಾಗೆ ಮಾಡಿದರೆ ಹಾಗೆ ಎಂದು ಹದಿನೈದು ನಡೆಗಳವರೆಗೆ. ಎರಡನೇ ಸುತ್ತಿನಲ್ಲಿ ಕಲಿತದ್ದೇ ಬೋರ್ಡಿನ ಮೇಲೆ ಬಂತು. ಖುಷಿಯಾಯಿತು. ಎಂಟನೇ ನಡೆಗೆ ಬಂದಾಗ ಮೊದಲು ಒಂಟೆ ಹೊರಗೆ ಬರಬೇಕೋ ಕುದುರೆಯೋ ಎಂದು ಮರೆತುಹೋಯಿತು. ಪುಸ್ತಕದ ಆ ಪುಟ ಕಣ್ಣಿಗೆ ಕಟ್ಟಿದಂತಿತ್ತು, ಬಲಗಡೆಯ ಪುಟ, ಕೆಳಗಿನ ಮೂಲೆಯಲ್ಲಿ ಚಿತ್ರ. ನಡೆಗಳು ಮಾತ್ರ ಕಾಣಲಿಲ್ಲ. ಒಂಟೆಯನ್ನು ತಂದೆ. ಅದು ಸಿಕ್ಕಿಬಿದ್ದು ಸತ್ತಿತು, ಹಿಂದೆಯೇ ನಾನೂ ಸೋತೆ. ಅದೇ ದಿನ ಮೆಡಿಕಲ್ಸ್‌ನವನು ತನ್ನ ವರ್ಗದಲ್ಲಿ ಬಹುಮಾನ ತೆಗೆದುಕೊಂಡ. ಗೋಡೆ ಗಡಿಯಾರ ಕೊಟ್ಟಿದ್ದರು.

ವಾಪಸು ಬರುವ ಬಸ್ಸಿನಲ್ಲಿ ರೈಟರ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಮೇಷ್ಟ್ರು ಓದಿದ್ದೇ ಓದಿದ್ದು, ಗಡಿಯಾರ ಹೊಡ್ಕಂಡು ಬಂದಿದ್ದು ಓದ್ದೇ ಇರೋನು" ಎಂದರು.

"ನೀವು ಸುಮ್ನಿರ್ರೀ, ಮೇಷ್ಟ್ರು ಆಡಿದ್ದು ಕಷ್ಟದ ಆಟ" ಎಂದು ಮೆಡಿಕಲ್ಸ್‌ನವನು ನನ್ನ ಪರ ವಹಿಸಿದ. ಅವನು ನನ್ನ ಆಟ ನೋಡಿಯೇ ಇರಲಿಲ್ಲ. ಅವನ ಒಳ್ಳೆಯತನಕ್ಕೂ ನನಗೆ ಸಿಟ್ಟು ಬಂತು.

ಆ ವಾರ ನಾನು ಒಂದು ನಿರ್ಧಾರ ಮಾಡಿದೆ. ನನ್ನ ನೆನಪನ್ನು ನಂಬುವಂತಿಲ್ಲ ಎಂದಾದ ಮೇಲೆ ನೆನಪು ಬೇಡುವ ಆಟ ಆಡಬಾರದು. ಆರಂಭದ ಪುಸ್ತಕಗಳನ್ನು ಮೇಲಿನ ಕಪಾಟಿಗೆ ಹಾಕಿದೆ. ಆಟದ ಕೊನೆ, ಅಂದರೆ ಇಬ್ಬರ ಬಳಿಯೂ ರಾಜ, ಒಂದು ಆನೆ, ಕೆಲವು ಕಾಲಾಳುಗಳು ಉಳಿದ ಹಂತ, ಅದನ್ನು ಹಿಡಿದೆ. ದಿನಕ್ಕೊಂದು ಸ್ಥಿತಿ. ಬೋರ್ಡಿನ ಮೇಲೆ ಕಾಯಿ ಇಟ್ಟು ಗೆಲ್ಲುವ ದಾರಿ ಹುಡುಕುವುದು, ಸಿಕ್ಕ ಮೇಲೆ ಪ್ರತಿ ನಡೆಗೂ ಕಾರಣವನ್ನು ಗಟ್ಟಿಯಾಗಿ ಹೇಳುವುದು. ಕಾರಣ ಹೇಳಲು ಬರದ ನಡೆಯನ್ನು, ಅದು ಸರಿಯಾಗಿದ್ದರೂ, ಕಲಿತಂತಲ್ಲ ಎಂದು ನಿಯಮ ಹಾಕಿಕೊಂಡೆ.

"ಕಾಲೇಜಲ್ಲಿ ಸಾಲ್ದೂಂತ ಕಾಯಿಗಳಿಗೂ ಪಾಠ ಶುರು ಮಾಡಿದ್ರಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಇವು ನಡುವೆ ಎದ್ದು ಹೋಗಲ್ಲ" ಎಂದೆ.

ಆಟ ನಿಧಾನವಾಗಿ ಬದಲಾಯಿತು. ಕ್ಲಬ್ಬಿನಲ್ಲಿ ನಾನು ರಾಣಿಗಳನ್ನು ಬೇಗ ಬದಲಾಯಿಸಿಕೊಂಡು, ಕಾಯಿಗಳನ್ನು ಕರಗಿಸಿ, ಕೊನೆಯ ಹಂತಕ್ಕೆ ಎಳೆಯತೊಡಗಿದೆ. ಅಲ್ಲಿ ಮೆಡಿಕಲ್ಸ್‌ನವನಿಗೆ ಬೇಸರ ಬರುತ್ತಿತ್ತು. ಆದರೂ ಹತ್ತರಲ್ಲಿ ಏಳು ಅವನೇ ಗೆಲ್ಲುತ್ತಿದ್ದ. ನಾನು ಗೆದ್ದ ಮೂರನ್ನು ಅವನು ಮನಸಾರೆ ಹೊಗಳುತ್ತಿದ್ದ.

ಆಲೂರಿನ ಪಂದ್ಯಾವಳಿ ನಡೆದದ್ದು ಒಂದು ಮದುವೆ ಮಂಟಪದಲ್ಲಿ. ಉದ್ದನೆಯ ಊಟದ ಮೇಜುಗಳ ಮೇಲೆ ಸಾಲಾಗಿ ಬೋರ್ಡುಗಳು. ಕಾಯಿಗಳ ತಳದಲ್ಲಿ ಭಾರವಿತ್ತು. ಪ್ರತಿ ನಡೆಗೂ ಮೂವತ್ತು ಸೆಕೆಂಡು ಸೇರುವ ಹೊಸ ಗಡಿಯಾರಗಳು. ಮುಖ್ಯ ತೀರ್ಪುಗಾರರು ಹಾಸನದಿಂದ ಬಂದಿದ್ದ ಒಬ್ಬ ಮಹಿಳೆ. ಮೊದಲೇ ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ಮುಟ್ಟಿದ ಕಾಯಿ ನಡೆಸಲೇಬೇಕು. ಸರಿಪಡಿಸಿ ಇಡೋದಿದ್ರೆ ಮುಟ್ಟೋಕೆ ಮುಂಚೆ ಹೇಳಬೇಕು. ಆಮೇಲೆ ಗೊತ್ತಿರಲಿಲ್ಲ ಅನ್ನಬಾರದು." ನಾವೆಲ್ಲ ತಲೆಯಾಡಿಸಿದೆವು. ಗೊತ್ತಿರದವರು ಯಾರೂ ಇರಲಿಲ್ಲ.

ಎರಡು ದಿನ, ಆರು ಸುತ್ತು. ಒಂದೇ ಕ್ಲಬ್ಬಿನವರನ್ನು ಬಿಟ್ಟು ಸಮ ಅಂಕದವರನ್ನು ಒಬ್ಬರಿಗೊಬ್ಬರು ಎದುರು ಹಾಕುವ ಪದ್ಧತಿ. ಮೊದಲ ಐದರಲ್ಲಿ ನಾನು ಒಂದು ಸೋತೆ, ಒಂದು ಡ್ರಾ ಮಾಡಿಕೊಂಡೆ, ಮೂರು ಗೆದ್ದೆ. ಗೆದ್ದದ್ದೆಲ್ಲ ಕೊನೆಯ ಹಂತದಲ್ಲಿ, ಉಸಿರು ಬಿಗಿಹಿಡಿದು. ಪ್ರತಿ ಸುತ್ತು ಮುಗಿಸಿ ಎದ್ದಾಗ ಮೆಡಿಕಲ್ಸ್‌ನವನು ತನ್ನ ಆಟ ಯಾವಾಗಲೋ ಮುಗಿಸಿ ಹೊರಗೆ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿರುತ್ತಿದ್ದ. ಅವನ ಲೆಕ್ಕವೂ ನನ್ನಷ್ಟೇ: ಮೂರು ಗೆಲುವು, ಒಂದು ಡ್ರಾ, ಒಂದು ಸೋಲು. ಮೊದಲ ಮೂರು ಜಾಗ ನಿರೀಕ್ಷಿಸಿದವರ ಪಾಲಾಗಿತ್ತು. ಕೊನೆಯ ಸುತ್ತಿಗೆ ಮುಂಚೆ ನಾಲ್ಕನೇ ಜಾಗಕ್ಕೆ ಉಳಿದವರು ನಾವಿಬ್ಬರೇ. ಅಂಕ ಸಮವಾದರೆ ಯಾರ ಎದುರಾಳಿಗಳು ಹೆಚ್ಚು ಬಲಿಷ್ಠರೋ ಅವರು ಮುಂದೆ. ಅದರಲ್ಲಿ ಅವನು ನನಗಿಂತ ಮೇಲಿದ್ದ. ಎಂದರೆ ಅವನು ಗೆದ್ದರೆ ನನ್ನ ಕಥೆ ಮುಗಿಯಿತು. ಅವನು ಡ್ರಾ ಮಾಡಿಕೊಂಡರೆ ನಾನು ಗೆಲ್ಲಲೇಬೇಕು.

"ಯಾರು ಹೋದ್ರೂ ದೋಣಿಗಲ್ಲೇ ಹೋದಂಗೆ" ಎಂದರು ರೈಟರ್.

"ಮೇಷ್ಟ್ರು ಹೋಗ್ಲಿ ಕಣ್ರೀ. ನಾನು ಹೋದ್ರೆ ಅಂಗಡಿ ನೋಡ್ಕಳೋರು ಯಾರು?" ಎಂದ ಮೆಡಿಕಲ್ಸ್‌ನವನು. ನನಗೆ ಜೀವ ಹೋಗುವಷ್ಟು ಬೇಕಾದದ್ದು ಅವನಿಗೆ ಅಂಗಡಿ ಮುಚ್ಚುವ ತೊಂದರೆಯಾಗಿ ಕಾಣುತ್ತಿತ್ತು.

ಕೊನೆಯ ಸುತ್ತಿನಲ್ಲಿ ನಮ್ಮ ಬೋರ್ಡುಗಳು ಅಕ್ಕಪಕ್ಕ ಬಂದವು. ಇಬ್ಬರಿಗೂ ಬಿಳಿ ಕಾಯಿ, ಒಂದೇ ಕಡೆ ಭುಜಕ್ಕೆ ಭುಜ ತಾಗುವಂತೆ ಕೂತೆವು. ಅವನ ಎದುರಿಗೆ ಹಾಸನದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ. ನನ್ನ ಎದುರಿಗೆ ಕುಂದೂರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಅವರು ಬಿಳಿ ಅಂಗಿಯ ತೋಳು ಮಡಿಚಿ, ಪ್ರತಿ ನಡೆಗೂ ಗಲ್ಲ ಕೆರೆದುಕೊಂಡು ಯೋಚಿಸುವ ಮನುಷ್ಯ. ನನಗೆ ಒಗ್ಗುವ ಎದುರಾಳಿ. ರಾಣಿಗಳು ಹೋದವು, ಕುದುರೆಗಳು ಹೋದವು. ನನಗೆ ಒಂದು ಕಾಲಾಳು ಹೆಚ್ಚು ಉಳಿಯುವ ಸೂಚನೆ ಇತ್ತು.

ಪಕ್ಕಕ್ಕೆ ಕಣ್ಣು ಹಾಯಿಸಿದೆ. ಹಾಯಿಸಬಾರದಿತ್ತು. ಮೆಡಿಕಲ್ಸ್‌ನವನ ಸರದಿ. ವಿದ್ಯಾರ್ಥಿಯ ಕುದುರೆಗೆ ಯಾರ ಕಾವಲೂ ಇರಲಿಲ್ಲ. ಆನೆಯಿಂದ ಅದನ್ನು ತಿಂದರೆ ಆಟ ಅವನದು. ಅವನು ಅದನ್ನು ನೋಡಿದ್ದ. ಅವನು ಕೈ ಎತ್ತುವ ಮೊದಲು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬರುತ್ತಾನೆ, ಹಾಗೆ ಬಂದ. ಇಷ್ಟೆಲ್ಲ ತಿಂಗಳ ಪಾಠ, ಈ ಕಾಲಾಳು, ಈ ಆನೆ, ಎಲ್ಲ ವ್ಯರ್ಥ.

ಆಗ ಮಂಟಪದ ಹಿಂದಿನ ಹಳಿಯ ಮೇಲೆ ರೈಲು ಬಂತು.

ಅಲ್ಲಿ ನೆಲ ನಡುಗಲಿಲ್ಲ. ಕಾಯಿಗಳು ಅಲುಗಲಿಲ್ಲ. ಸದ್ದು ಮಾತ್ರ ಬಂತು, ಖಾಲಿಯಲ್ಲದ ಗೂಡ್ಸಿನ ಆ ತೂಕದ ಸದ್ದು. "ಗೂಡ್ಸ್" ಎಂಬ ಮಾತು ಕೇಳಿಸಿತು. ಮರುಕ್ಷಣ ನನ್ನ ಎಡ ಮುಂಗೈ ನನ್ನ ಹಿಂದಿನ ಸಾಲಿಗೆ ಅಡ್ಡ ಬಿದ್ದಿತ್ತು, ಬಲಗೈ ಆನೆಯ ತಲೆಯ ಮೇಲಿತ್ತು. ಪಕ್ಕದಲ್ಲಿ ಮೆಡಿಕಲ್ಸ್‌ನವನೂ ಗಡಿಯಾರ ನಿಲ್ಲಿಸಿ, ತನ್ನ ಕಾಯಿಗಳ ಮೇಲೆ ಕೈ ಹರಡಿ, ತಲೆ ತಗ್ಗಿಸಿ ಕೂತಿದ್ದ. ಇಡೀ ಮಂಟಪದಲ್ಲಿ ಹಾಗೆ ಕೂತವರು ನಾವಿಬ್ಬರು, ಜೊತೆಗೆ ದೂರದ ಬೋರ್ಡಿನಲ್ಲಿ ರೈಟರ್.

ಹಾಲಿನ ಸೊಸೈಟಿಯವರು ನನ್ನ ಕೈಗಳನ್ನು ನೋಡಿ, "ಏನ್ ಸಾರ್, ಗುಡುಗಿಗೆ ಹೆದರ್ಕಂಡಂಗೆ?" ಎಂದರು. ಆಗ ಅವರ ಸರದಿಯಾಗಿತ್ತು. ನನ್ನ ಸರದಿಯಲ್ಲದ ಕಾರಣ ಮುಟ್ಟಿದ ಕಾಯಿ ನಡೆಸುವ ಪ್ರಶ್ನೆ ಏಳಲಿಲ್ಲ. ಪಕ್ಕದಲ್ಲಿ ಹಾಗಿರಲಿಲ್ಲ. ವಿದ್ಯಾರ್ಥಿ ಆಗಲೇ ಕೈ ಎತ್ತಿ ತೀರ್ಪುಗಾರರನ್ನು ಕರೆದಿದ್ದ.

"ಮೇಡಂ, ಇವರು ರಾಜನ್ನ ಮುಟ್ಟಿದ್ದಾರೆ. ಮೊದಲು ರಾಜನ ತಲೆ ಮೇಲೇ ಕೈ ಇಟ್ಟಿದ್ದು."

"ಹೌದು, ಇಟ್ಟೆ" ಎಂದ ಮೆಡಿಕಲ್ಸ್‌ನವನು. ಸುಳ್ಳು ಹೇಳುವ ಮನುಷ್ಯನಲ್ಲ. "ಗೂಡ್ಸ್ ಬಂತಲ್ಲ ಮೇಡಂ. ಗೂಡ್ಸ್ ಅಂತ ಹೇಳೇ ಹಿಡ್ಕಂಡಿದ್ದು."

"ಗೂಡ್ಸ್ ಅಂದ್ರೆ?"

ಅಷ್ಟರಲ್ಲಿ ರೈಟರ್ ಎದ್ದು ಬಂದಿದ್ದರು. "ಅದು ನಮ್ಮ ಕ್ಲಬ್ಬಿನ ಕಾನೂನು ಮೇಡಂ. ಅಲ್ಲಿ ರೈಲು ಬಂದ್ರೆ ಕಾಯೆಲ್ಲ ಊರು ಬುಟ್ಟು ಹೋಗ್ತವೆ. ಅದ್ಕೆ ಹಂಗಂತ ಕೂಗಿ ಹಿಡ್ಕತೀವಿ."

"ನಿಮ್ಮ ಆಟ ನಡೀತಿಲ್ವಾ?"

"ನಡೀತೈತೆ."

"ಅಲ್ಲಿಗೆ ಹೋಗಿ."

ರೈಟರ್ ಹೋದರು. ತೀರ್ಪುಗಾರರು ಸ್ವಲ್ಪ ಹೊತ್ತು ಬೋರ್ಡನ್ನು ನೋಡಿದರು. ಅವರು ನ್ಯಾಯವಾಗಿ ಯೋಚಿಸುತ್ತಿದ್ದರು ಎಂದು ಈಗಲೂ ಅನ್ನಿಸುತ್ತದೆ. "ಕಾಯಿ ಸರಿಪಡಿಸ್ತೀನಿ ಅಂತ ಯಾವ ಮಾತಲ್ಲಿ ಹೇಳಿದ್ರೂ ಆಗುತ್ತೆ. ಅದು ಮುಟ್ಟೋಕೆ ಮುಂಚೆ ಇವರ ಬಾಯಿಂದ ಬಂದಿರಬೇಕು. ನಿಮಗೆ ಕೇಳಿಸ್ತಾ?" ಎಂದು ವಿದ್ಯಾರ್ಥಿಯನ್ನು ಕೇಳಿದರು.

"ಏನೋ ಶಬ್ದ ಕೇಳಿಸ್ತು. ಯಾರದು ಅಂತ ಗೊತ್ತಿಲ್ಲ."

ಹಾಲಿನ ಸೊಸೈಟಿಯವರನ್ನು ಕೇಳಿದರು. "ನಾನು ನನ್ನ ಬೋರ್ಡ್ ನೋಡ್ತಿದ್ದೆ. ಎದುರುಗಡೆಯಿಂದ ಬಂತು. ಇವರೋ ಅವರೋ ಹೇಳಕ್ಕಾಗಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. "ನೀವು ಪಕ್ಕದಲ್ಲೇ ಇದ್ದೀರಿ. ಯಾರು ಅಂದಿದ್ದು?"

ಮೆಡಿಕಲ್ಸ್‌ನವನು ನನ್ನ ಮುಖವನ್ನೂ ನೋಡಲಿಲ್ಲ. ನಾನು ಅವನ ಪರವಾಗಿಯೇ ಹೇಳುತ್ತೇನೆ ಎಂದು ಅಷ್ಟು ಖಚಿತವಾಗಿ ನಂಬಿದ್ದ. ಬೋರ್ಡಿನ ಮೇಲಿನ ಆ ಅನಾಥ ಕುದುರೆಯನ್ನೇ ನೋಡುತ್ತಿದ್ದ.

ನನ್ನ ಕಿವಿಯಲ್ಲಿ ಉಳಿದಿದ್ದ ದನಿ ನನ್ನದು. ಗಂಟಲಲ್ಲಿ ಆ ಪದ ಆಡಿದ ಬಿಗುವೂ ಇದ್ದಂತಿತ್ತು. ನಾನೇ ಅಂದೆ, ಅವನು ನನ್ನ ಮಾತು ಕೇಳಿ ಕೈ ಇಟ್ಟ. ಹೀಗೆಂದು ಮನಸ್ಸು ಹೇಳುತ್ತಿತ್ತು. ರಾಣಿ ಬಲಿ ಕೊಟ್ಟೆ ಎಂದು ವರ್ಷಗಟ್ಟಲೆ ಹೇಳಿದ್ದೂ ಇದೇ ಮನಸ್ಸು. ಅವನು ಸೋಲಲಿ ಎಂದು ಒಂದು ನಿಮಿಷದ ಹಿಂದೆ ಹಾರೈಸುತ್ತಿದ್ದುದೂ ಇದೇ. ಇಂಥ ಸಾಕ್ಷಿಯನ್ನು ನನ್ನ ವಿದ್ಯಾರ್ಥಿ ತಂದುಕೊಟ್ಟಿದ್ದರೆ ನಾನು ಹರಿದು ಎಸೆಯುತ್ತಿದ್ದೆ. ಹಾಗೆಂದು ಅವನೇ ಅಂದ ಎಂದು ಹೇಳಲು ನನ್ನ ಬಳಿ ಇನ್ನೂ ಕಡಿಮೆ ಆಧಾರವಿತ್ತು. ಗೊತ್ತಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಅದರ ಲಾಭವೂ ನನಗೇ.

"ನಾನೇ ಅಂದೆ ಅನ್ನಿಸ್ತದೆ ಮೇಡಂ" ಎಂದೆ. "ಆದರೆ ನನ್ನ ಮಾತನ್ನು ನಂಬಬೇಡಿ. ಇವನು ಸೋತರೆ ನಾಲ್ಕನೇ ಜಾಗ ನನಗೆ ಸಿಗಬಹುದು."

"ಜಾಗದ ವಿಷಯ ನಾನು ಕೇಳಲಿಲ್ಲ ಸರ್. ಯಾರ ದನಿ ಅಂತ ಕೇಳಿದೆ, ಅಷ್ಟೇ."

"ಖಾತ್ರಿ ಇಲ್ಲ."

"ಖಾತ್ರಿ ಇಲ್ಲ ಅಂದ ಮೇಲೆ ಇವರು ಮುಂಚೆ ಹೇಳಿದ್ದಕ್ಕೆ ಆಧಾರ ಇಲ್ಲ. ರಾಜನ್ನ ನಡೆಸಿ." ಅವರು ಗಡಿಯಾರ ಚಾಲೂ ಮಾಡಿದರು. ಆಮೇಲೆ ನನ್ನತ್ತ ಬಗ್ಗಿ, "ನೀವೂ ಇನ್ನೊಮ್ಮೆ ಹಾಗೆ ಅಪ್ಪಿಕೊಂಡು ಕೂರಬೇಡಿ" ಎಂದು ಮೆಲ್ಲಗೆ ಹೇಳಿ ಹೋದರು.

ಮೆಡಿಕಲ್ಸ್‌ನವನು ಒಂದು ಸಲ ನನ್ನ ಕಡೆ ನೋಡಿದ. ಸಿಟ್ಟಿನ ನೋಟವಲ್ಲ. ಗೊತ್ತಿಲ್ಲದ ಔಷಧಿಯ ಚೀಟಿ ಹಿಡಿದು ಗಿರಾಕಿಯನ್ನು ನೋಡುವಂತಿತ್ತು. ಆಮೇಲೆ ರಾಜನನ್ನು ಮೂಲೆಗೆ ಸರಿಸಿದ. ವಿದ್ಯಾರ್ಥಿಯ ಕುದುರೆ ತಪ್ಪಿಸಿಕೊಂಡಿತು, ಹೋಗುತ್ತ ಒಂದು ಕಾಲಾಳನ್ನೂ ತಿಂದುಕೊಂಡು ಹೋಯಿತು. ಗೆಲ್ಲುವ ಆಟ ಉಳಿಸಿಕೊಳ್ಳುವ ಆಟವಾಯಿತು. ಅವನು ಮೊದಲ ಬಾರಿಗೆ ಎರಡೂ ಕೈಯಲ್ಲಿ ತಲೆ ಹಿಡಿದು ಯೋಚಿಸುತ್ತ ಕೂತದ್ದನ್ನು ನಾನು ನೋಡಿದೆ.

ನಾನು ನನ್ನ ಆಟಕ್ಕೆ ಮರಳಲು ಬಹಳ ಹೊತ್ತು ಬೇಕಾಯಿತು. ಮರಳಿದಾಗ ಬೋರ್ಡಿನಲ್ಲಿ ನಾನು ಮನೆಯಲ್ಲಿ ಗಟ್ಟಿಯಾಗಿ ಪಾಠ ಹೇಳಿದ್ದ ಸ್ಥಿತಿಯೇ ಬಂದಿತ್ತು. ನನ್ನ ಕಾಲಾಳು ಏಳನೇ ಸಾಲಿನಲ್ಲಿ, ಇನ್ನೊಂದು ಹೆಜ್ಜೆ ಇಟ್ಟರೆ ರಾಣಿ. ಆದರೆ ಆ ಮನೆಯಲ್ಲಿ ನನ್ನದೇ ರಾಜ ನಿಂತಿದ್ದಾನೆ. ಅವನು ಹೊರಗೆ ಬಂದರೆ ಎದುರಾಳಿಯ ಆನೆ ಹಿಂದಿನಿಂದ ಶಹ, ಅಂದರೆ ಚೆಕ್, ಕೊಡುತ್ತಲೇ ಇರುತ್ತದೆ. ಮಾಡಬೇಕಾದದ್ದು, ನನ್ನ ಆನೆಯನ್ನು ಮೊದಲೇ ಒಂದು ನಡುವಿನ ಸಾಲಿಗೆ ತಂದಿಟ್ಟುಕೊಂಡು, ರಾಜ ಶಹಗಳಿಂದ ತಪ್ಪಿಸಿಕೊಳ್ಳುತ್ತ ಇಳಿದು ಬಂದಾಗ ಆ ಆನೆಯನ್ನು ಅಡ್ಡ ಹಾಕುವುದು.

ಯಾವ ಸಾಲು? ನಾಲ್ಕೋ ಐದೋ? ಪುಟ ಮತ್ತೆ ಕಣ್ಣ ಮುಂದೆ ಬಂತು, ಅಕ್ಷರಗಳಿಲ್ಲದ ಪುಟ. ಹಾಸನದಲ್ಲೂ ಹೀಗೇ ಆಗಿತ್ತು. ಈ ಸಲ ಪುಟವನ್ನು ನೋಡುವುದನ್ನು ಬಿಟ್ಟೆ. ಕಾರಣ ಹೇಳು ಎಂದು ನನಗೇ ಹೇಳಿಕೊಂಡೆ. ಐದನೇ ಸಾಲಿಗೆ ತಂದರೆ, ಅಲ್ಲಿಂದ ನಾನು ಶಹ ಕೊಟ್ಟಾಗ ಅವರ ರಾಜ ಹಿಮ್ಮೆಟ್ಟದೆ ಮುಂದೆ ಬಂದು ನನ್ನ ಆನೆಯ ಮೇಲೇ ಬೀಳುತ್ತಾನೆ. ನಾಲ್ಕನೇ ಸಾಲು ಅವನಿಗೆ ಒಂದು ಹೆಜ್ಜೆ ದೂರ. ಹಾಗಾದರೆ ನಾಲ್ಕು. ಆನೆಯನ್ನು ತಂದಿಟ್ಟೆ.

ಹಾಲಿನ ಸೊಸೈಟಿಯವರು ಗಲ್ಲ ಕೆರೆದುಕೊಂಡರು. ಶಹ ಕೊಟ್ಟರು, ಇಳಿದೆ. ಮತ್ತೆ ಕೊಟ್ಟರು, ಮತ್ತೆ ಇಳಿದೆ. ಕೊನೆಯ ಶಹಕ್ಕೆ ಆನೆಯನ್ನು ಅಡ್ಡ ಹಾಕಿದೆ. ಅವರು ಬೋರ್ಡನ್ನು ನೋಡಿ, ನನ್ನನ್ನು ನೋಡಿ, "ಇದ್ನ ಎಲ್ಲಿ ಕಲಿತ್ರಿ ಮಾರಾಯ್ರೇ" ಎಂದು ಕೈ ಚಾಚಿದರು. ಅದೇ ಹೊತ್ತಿಗೆ ಪಕ್ಕದ ಬೋರ್ಡು ಡ್ರಾ ಆಯಿತು. ಮೆಡಿಕಲ್ಸ್‌ನವನು ಒಂದು ಕಾಲಾಳು ಕಡಿಮೆ ಇದ್ದುಕೊಂಡೂ ಅದನ್ನು ಎಳೆದು ತಂದಿದ್ದ.

ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಹೆಸರು ನಾಲ್ಕನೆಯದಾಗಿತ್ತು. ಅವನು ಐದು. ಅವನೇ ಮೊದಲು ಬಂದು ಕೈ ಕುಲುಕಿದ. "ಆ ಆನೆ ನಡೆ ನೋಡ್ದೆ ಮೇಷ್ಟ್ರೇ. ಪಾಠ ಮಾಡ್ಬುಟ್ರಿ ಅವರಿಗೆ."

"ಒಂದು ಗೂಡ್ಸು ಒಬ್ಬನ್ನ ಇಳಿಸಿ ಒಬ್ಬನ್ನ ಹತ್ತುಸ್ಕಂಡು ಹೋಯ್ತು" ಎಂದರು ರೈಟರ್. ಮೆಡಿಕಲ್ಸ್‌ನವನು ಎಲ್ಲರಿಗಿಂತ ಜೋರಾಗಿ ನಕ್ಕ. ಗೆದ್ದ ದಿನವೂ ನನಗೆ ಅವನಂತೆ ನಗಲು ಬರಲಿಲ್ಲವಲ್ಲ ಎಂಬುದೊಂದೇ ಬಸ್ಸಿನುದ್ದಕ್ಕೂ ತಲೆಯಲ್ಲಿತ್ತು.

ರಾಜ್ಯ ಮಟ್ಟದ ಪಂದ್ಯಕ್ಕೆ ತಯಾರಾಗಲು ನನಗೆ ಬಲವಾದ ಜೊತೆ ಬೇಕಿತ್ತು. ಇಡೀ ತಾಲ್ಲೂಕಿನಲ್ಲಿ ಅಂಥವನು ಒಬ್ಬನೇ. ಕೇಳಲು ನನಗೆ ಮುಖವಿರಲಿಲ್ಲ. ನಾನು ಕೇಳಲಿ ಎಂದು ಅವನು ಕಾಯಲೂ ಇಲ್ಲ. ಮುಂದಿನ ಭಾನುವಾರ ಅಂಗಡಿಗೆ ಬೀಗ ಹಾಕಿ ಜೀಪಿನಲ್ಲಿ ದೋಣಿಗಲ್‌ಗೆ ಬಂದ, ಅದರ ಮುಂದಿನ ಭಾನುವಾರವೂ ಬಂದ. ಆ ದಿನಗಳಲ್ಲಿ ನಾನು "ಗೂಡ್ಸ್" ಎಂಬ ಆ ಮಾತಿನ ಬಗ್ಗೆಯೇ ಯೋಚಿಸುತ್ತಿದ್ದೆ. ಯೋಚಿಸಿದಷ್ಟೂ ನನ್ನ ದನಿ ಮಸುಕಾಗುತ್ತ ಅವನ ದನಿ ಸ್ಪಷ್ಟವಾಗುತ್ತ ಬಂತು. ಕೊನೆಗೆ ಅವನೇ ಅಂದದ್ದು, ನಾನು ಕೇಳಿ ಕೈ ಇಟ್ಟದ್ದು ಎಂದು ಪೂರ್ತಿ ನಂಬಿಕೆಯಾಯಿತು. ಅವನಿಗೆ ಹೇಳಬೇಕೆಂದು ವಾಕ್ಯ ಜೋಡಿಸಿಕೊಂಡು ಹೋದೆ.

ಆಟದ ನಡುವೆ ಅವನೇ ಬಾಯಿ ತೆರೆದ.

"ಮೇಷ್ಟ್ರೇ, ಆವತ್ತು ಗೂಡ್ಸ್ ಅಂದಿದ್ದು ನೀವೇ ಕಣ್ರೀ. ಆಮೇಲೆ ಗ್ಯಾನ ಬಂತು. ನಾನು ಅನ್ನಾನ ಅನ್ನೋದ್ರೊಳಗೆ ನೀವು ಅಂದ್ಬುಟ್ರಿ. ನೀವು ಮೇಡಂಗೆ ಹೇಳಿದ್ದೇ ಸರಿ."

"ಇಲ್ಲ. ನೀನೇ ಅಂದಿದ್ದು. ಈಗ ನನಗೆ ಚೆನ್ನಾಗಿ ನೆನಪಿದೆ."

"ಬುಡಿ ಅತ್ಲಾಗೆ. ನಿಮ್ಮ ನಡೆ."

ಅವನಿಗೆ ನಿಜವಾಗಿ ನೆನಪಾಯಿತೋ, ನನ್ನನ್ನು ಹಗುರ ಮಾಡಲು ಹೇಳಿದನೋ, ಕೇಳಿದ್ದರೂ ಅವನಿಗೇ ಗೊತ್ತಿರುತ್ತಿರಲಿಲ್ಲ. ಆ ಜಾಗ ನನ್ನದೆಂದು ಅವನು ಒಂದು ಮಾತಿನಲ್ಲಿ ಬಿಟ್ಟುಕೊಟ್ಟಿದ್ದ. ಅದನ್ನು ಗೆದ್ದುಕೊಂಡ ನಾನು ಇನ್ನೂ ಬಿಗಿಯಾಗಿ ಹಿಡಿದು ಕೂತಿದ್ದೆ. ಬೋರ್ಡಿನತ್ತ ಬಗ್ಗಿ ನಡೆ ಹುಡುಕತೊಡಗಿದೆ. ಒಂದು ದಾರಿ ಇದ್ದಂತಿತ್ತು, ಬಹಳ ಇಕ್ಕಟ್ಟಿನದು. ನಾನು ಇನ್ನೂ ಹುಡುಕುತ್ತಿರುವಾಗಲೇ ಅವನು ಮುಂದಿನ ಆಟಕ್ಕೆಂದು, ತಿಂದಿಟ್ಟಿದ್ದ ಕಾಯಿಗಳಲ್ಲಿ ಬಿಳಿಯನ್ನು ಒಂದು ಕಡೆ, ಕಪ್ಪನ್ನು ಒಂದು ಕಡೆ ಸದ್ದಾಗದಂತೆ ವಿಂಗಡಿಸುತ್ತಿದ್ದ.